ಪರಿಷೆಯ ಪೀಪಿ ಗದ್ದಲದಲ್ಲಿ ಹತ್ತು ಜನ ಫೋನಲ್ಲಿ ಮಾತಾಡೋದು ಹೇಗೆ?

ಗದ್ದಲದ ಜಾಗದಿಂದ ಗ್ರೂಪ್ ಕಾಲ್ ಮಾಡಿದವರಿಗೆಲ್ಲ ಇದು ಗೊತ್ತು. ಅರ್ಧ ಹೊತ್ತು ‘ಹಲೋ ಹಲೋ, ಕೇಳಿಸ್ತಿದೆಯಾ’ ಅನ್ನುವುದರಲ್ಲೇ ಹೋಗುತ್ತದೆ. ಉಳಿದರ್ಧ ‘ಬಿಡಿ, ಮೆಸೇಜ್ ಹಾಕ್ತೀನಿ’ ಅನ್ನುವುದರಲ್ಲಿ ಮುಗಿಯುತ್ತದೆ. ಮೆಸೇಜ್ ಹಾಕಿದರೆ ಅದನ್ನು ನೋಡುವವರು ಯಾರು?

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ತಗೊಳ್ಳಿ. ಕಾರ್ತಿಕ ಮಾಸದ ಕೊನೆಯ ಸೋಮವಾರ. ರಾಮಕೃಷ್ಣ ಆಶ್ರಮದ ಸರ್ಕಲ್‌ನಿಂದ ದೊಡ್ಡ ಬಸವಣ್ಣನ ಗುಡಿವರೆಗೂ ಕಾಲಿಡಲು ಜಾಗ ಇಲ್ಲ, ಎರಡೂ ಕಡೆ ಕಡಲೆಕಾಯಿ ರಾಶಿ, ಅದರ ಹಿಂದೆ ಜನರೇಟರ್, ಮೇಲಿಂದ ಧ್ವನಿವರ್ಧಕ, ಇಷ್ಟು ಸಾಲದು ಅಂತ ಕಾಲೇಜು ಹುಡುಗರ ಪೀಪಿ, ಅದೂ ಯಾರದೋ ಕಿವಿಯ ಪಕ್ಕಕ್ಕೇ ಬಂದು ಊದುವುದು. ಈ ಪೀಪಿ ಕಂಡುಹಿಡಿದವರನ್ನು ನಾನಂತೂ ಕ್ಷಮಿಸಿಲ್ಲ. ಇಂಥ ಕಡೆ ಕುಡಿಯುವ ನೀರು ನೋಡಿಕೊಳ್ಳುವವರು, ತಪ್ಪಿಸಿಕೊಂಡ ಮಕ್ಕಳನ್ನು ಹುಡುಕುವವರು, ಆಂಬುಲೆನ್ಸ್‌ಗೆ ದಾರಿ ಬಿಡಿಸುವವರು ಅಂತ ಹತ್ತು ಹನ್ನೆರಡು ಜನರ ತಂಡ ಇದೆ ಅಂದುಕೊಳ್ಳಿ. ಎಲ್ಲರ ಕೈಲೂ ಸ್ಮಾರ್ಟ್‌ಫೋನ್ ಇದೆ. ಎಲ್ಲರಿಗೂ ಎಲ್ಲರ ಮಾತು ಕೇಳಬೇಕು.

ಇಂಥ ತಂಡ ಕಟ್ಟಿದ ಕೂಡಲೇ ಬರುವ ಮೊದಲ ಪ್ರಶ್ನೆ ‘ಯಾವ ಆ್ಯಪ್ ಹಾಕೋಣ?’ ಅನ್ನುವುದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮಾತು ಕೇಳುತ್ತದೋ ಇಲ್ಲವೋ ಅನ್ನುವುದು ಆ್ಯಪ್‌ವರೆಗೂ ಹೋಗುವ ಮೊದಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಬಾಯಿಗೂ ಮೈಕಿಗೂ ಎಷ್ಟು ದೂರ, ಒಂದೇ ಸಲಕ್ಕೆ ಎಷ್ಟು ಮೈಕ್ ತೆರೆದಿವೆ, ಇವೆರಡೇ ಆ ಮುಕ್ಕಾಲು ಪಾಲು.

ಒಂದು ಗೇಣು ದೂರದ ಲೆಕ್ಕ

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇದು ಮಾಮೂಲಿ ಅಳತೆಯ ಹಾಗೆ ಏರುವುದಿಲ್ಲ. 10 ಡೆಸಿಬೆಲ್ ಏರಿತು ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು ಅಂತ. 3 ಡೆಸಿಬೆಲ್ ಏರಿದರೆ ಹೆಚ್ಚುಕಮ್ಮಿ ಎರಡು ಪಟ್ಟು. ನಾವು ಮನೆಯಲ್ಲಿ ಆರಾಮಾಗಿ ಮಾತಾಡುವಾಗ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ವಸತಿ ಪ್ರದೇಶದಲ್ಲಿ ಹಗಲು ಹೊತ್ತು ಇರಬೇಕಾದ ಸದ್ದಿನ ಮಿತಿ 55 ಡೆಸಿಬೆಲ್ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಬೆಂಗಳೂರಿನಲ್ಲಿ ಇದನ್ನು ಓದಿದರೆ ನಗು ಬರುತ್ತದೆ, ಇರಲಿ. ವಾಹನ, ಜನರೇಟರ್, ಜನ ಎಲ್ಲ ಸೇರಿದ ಜಾಗದಲ್ಲಿ 85 ಡೆಸಿಬೆಲ್ ಇದೆ ಅಂತಿಟ್ಟುಕೊಳ್ಳೋಣ. ತಮಟೆ ಪಕ್ಕ ನಿಂತರೆ ಇನ್ನೂ ಜಾಸ್ತಿಯೇ.

ಇನ್ನೊಂದು ವಿಷಯ. ಸದ್ದು ಬರುವ ಜಾಗಕ್ಕೆ ನಿಮ್ಮ ದೂರ ಅರ್ಧ ಆದರೆ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಈಗ ಲೆಕ್ಕ ಹಾಕಿ. ಫೋನನ್ನು ಎದೆಯ ಮುಂದೆ ಅರ್ಧ ಮೀಟರ್ ದೂರದಲ್ಲಿ ಹಿಡಿದು, ಸ್ಪೀಕರ್ ಹಾಕಿ ಮಾತಾಡಿದರೆ ಮೈಕಿಗೆ ಮುಟ್ಟುವ ನಿಮ್ಮ ದನಿ 66 ಡೆಸಿಬೆಲ್. ಸುತ್ತಲಿನ ಗದ್ದಲ 85. ನಿಮ್ಮ ಮಾತು 19 ಡೆಸಿಬೆಲ್ ಕೆಳಗಿದೆ. ಅಂದರೆ ಗದ್ದಲದ ಶಕ್ತಿ ನಿಮ್ಮ ಮಾತಿಗಿಂತ ಸುಮಾರು 80 ಪಟ್ಟು. ದೂರವನ್ನು 25 ಸೆಂಟಿಮೀಟರ್‌ಗೆ ಇಳಿಸಿದರೆ 72 ಆಗುತ್ತದೆ. 12ಕ್ಕೆ ಇಳಿಸಿದರೆ 78. 6 ಸೆಂಟಿಮೀಟರ್‌ಗೆ ತಂದರೆ 84, ಈಗ ಗದ್ದಲಕ್ಕೆ ಸಮ. 3 ಸೆಂಟಿಮೀಟರ್‌ಗೆ ತಂದರೆ 90, ಈಗ ನಿಮ್ಮ ಮಾತೇ ಮೇಲುಗೈ. ಆ್ಯಪ್ ಬದಲಾಗಿಲ್ಲ, ಫೋನ್ ಬದಲಾಗಿಲ್ಲ, ಖರ್ಚು ಒಂದು ಪೈಸೆ ಇಲ್ಲ. ಗದ್ದಲ ಎಲ್ಲ ಕಡೆಯಿಂದ ಬರುತ್ತಿರುವುದರಿಂದ ಮೈಕನ್ನು ಅತ್ತಿತ್ತ ಸರಿಸಿದರೂ ಅದು ಅಷ್ಟೇ ಇರುತ್ತದೆ, ನಿಮ್ಮ ದನಿ ಮಾತ್ರ ಏರುತ್ತದೆ. ಇಡೀ ಲೇಖನದಲ್ಲಿ ಇದೊಂದೇ ನೆನಪಿದ್ದರೂ ನನಗೆ ಸಾಕು.

ಹಾಗಾದರೆ ಜೋರಾಗಿ ಕೂಗಿದರೆ ಆಗಲ್ವಾ? ಕೂಗದೇ ಇರಲು ಆಗುವುದೇ ಇಲ್ಲ, ಅದು ಬೇರೆ ಮಾತು. ಸುತ್ತ ಸದ್ದು ಏರಿದಾಗ ನಮ್ಮ ದನಿ ತಾನಾಗಿಯೇ ಏರುತ್ತದೆ ಅನ್ನುವುದನ್ನು ಎತ್ಯೆನ್ ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯರು 1911ರಲ್ಲೇ ಬರೆದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಕೂಗಿದರೆ ದನಿ ಏರುತ್ತದೆ ನಿಜ. ಆದರೆ ಏರುವುದು ಜಾಸ್ತಿ ಸ್ವರಗಳು. ‘ಆ’, ‘ಓ’ ಎಲ್ಲ ದೊಡ್ಡದಾಗುತ್ತವೆ, ‘ಸ’, ‘ತ’, ‘ಕ’ ಅಷ್ಟು ಏರುವುದಿಲ್ಲ. ಯಾವ ಪದ ಅಂತ ಗುರುತು ಸಿಗುವುದು ಈ ವ್ಯಂಜನಗಳಿಂದಲೇ. ಕಿರುಚುವವರ ಮಾತು ಜೋರಾಗಿ ಕೇಳಿಸುತ್ತದೆ, ಏನು ಹೇಳಿದರು ಅಂತ ಮಾತ್ರ ತಿಳಿಯುವುದಿಲ್ಲ. ಜೊತೆಗೆ ಮೈಕಿಗೂ ಒಂದು ತಾಳಿಕೆ ಇದೆ, ಅದನ್ನು ಮೀರಿದರೆ ದನಿ ಒಡೆದು ಕರಕರ ಅನ್ನುತ್ತದೆ. ಒಮ್ಮೆ ಹಾಗೆ ಒಡೆದ ದನಿಯನ್ನು ಆಮೇಲೆ ಸರಿ ಮಾಡುವುದು ಬಹಳ ಕಷ್ಟ. ಹತ್ತಿರ ಹಿಡಿದು, ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಮಾತಾಡುವುದೇ ಸರಿ.

ಹತ್ತಿರ ಅಂದರೆ ಬಾಯಿಗೆ ನೇರ ಎದುರಿಗೆ ಬೇಡ. ‘ಪ’, ‘ಬ’, ‘ಭ’ ಹೇಳುವಾಗ ಬಾಯಿಂದ ಗಾಳಿ ನುಗ್ಗುತ್ತದೆ, ಮೈಕಿನಲ್ಲಿ ಅದು ಡಬ್ ಡಬ್ ಅಂತ ಕೇಳುತ್ತದೆ. ಬಾಯಿಯ ಮೂಲೆಗೆ, ಕೆನ್ನೆಯ ಕಡೆಗೆ ಸ್ವಲ್ಪ ಸರಿಸಿ ಹಿಡಿಯಿರಿ.

ಫೋನ್ ಒಳಗೆ ಏನಾಗುತ್ತದೆ

ನಿಮ್ಮ ಫೋನಿನ ಕೆಳ ಅಂಚನ್ನು ನೋಡಿ. ಚಾರ್ಜರ್ ಸಿಕ್ಕಿಸುವ ತೂತಿನ ಪಕ್ಕ ಸೂಜಿಮೊನೆಯಷ್ಟು ಸಣ್ಣ ತೂತು ಇರುತ್ತದೆ. ಮುಖ್ಯ ಮೈಕ್ ಸಾಮಾನ್ಯವಾಗಿ ಅಲ್ಲೇ. ಮೇಲ್ಗಡೆ ಅಂಚಿನಲ್ಲೋ ಹಿಂಬದಿ ಕ್ಯಾಮೆರಾ ಪಕ್ಕದಲ್ಲೋ ಇನ್ನೊಂದು ಇರುತ್ತದೆ. ಫೋನನ್ನು ಕಿವಿಗೆ ಇಟ್ಟುಕೊಂಡಾಗ ಕೆಳಗಿನ ಮೈಕಿಗೆ ನಿಮ್ಮ ಬಾಯಿ ಹತ್ತಿರ, ಮೇಲಿನದಕ್ಕೆ ದೂರ. ಗದ್ದಲ ಮಾತ್ರ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಸಮ ಮುಟ್ಟುತ್ತದೆ. ಎರಡನ್ನೂ ಹೋಲಿಸಿ, ಯಾವುದು ಎರಡರಲ್ಲೂ ಸಮವಾಗಿದೆಯೋ ಅದನ್ನು ಕಡಿಮೆ ಮಾಡುವುದು ಫೋನಿನ ಕೆಲಸ. ಈಗ ಸ್ಪೀಕರ್ ಹಾಕಿ, ಫೋನನ್ನು ತಟ್ಟೆ ಹಿಡಿದ ಹಾಗೆ ಹಿಡಿದರೆ ಎರಡೂ ಮೈಕಿಗೆ ನಿಮ್ಮ ಬಾಯಿ ಸಮದೂರ ಆಗಿಬಿಡುತ್ತದೆ. ಹೋಲಿಸಲು ಏನೂ ಉಳಿಯುವುದಿಲ್ಲ. ಗದ್ದಲದಲ್ಲಿ ಸ್ಪೀಕರ್‌ಫೋನ್ ಅತಿ ಕೆಟ್ಟ ಆಯ್ಕೆ ಅನ್ನುವುದಕ್ಕೆ ದೂರದ ಜೊತೆ ಇದೂ ಒಂದು ಕಾರಣ. ಎಷ್ಟೋ ಜನ ಕಿರುಬೆರಳನ್ನು ಕೆಳಗೆ ಆನಿಸಿ ಫೋನ್ ಹಿಡಿಯುತ್ತಾರೆ, ಬೆರಳು ಸರಿಯಾಗಿ ಆ ತೂತಿನ ಮೇಲೇ ಕೂತಿರುತ್ತದೆ. ಕವರ್ ಹಾಕಿದ್ದರೆ ಅದರ ರಂಧ್ರದಲ್ಲಿ ಧೂಳು ಕಟ್ಟಿಕೊಂಡಿದೆಯಾ ಅಂತಲೂ ನೋಡಿ.

ಇನ್ನು ಗದ್ದಲ ತೆಗೆಯುವ ಸಾಫ್ಟ್‌ವೇರ್. ಹಳೆಯ ವಿಧಾನ ಸರಳವಾಗಿತ್ತು. ನೀವು ಮಾತಾಡದೆ ಇರುವ ಹೊತ್ತಿನಲ್ಲಿ ಗದ್ದಲ ಹೇಗಿದೆ ಅಂತ ಅಂದಾಜು ಮಾಡಿಕೊಂಡು, ಮಾತಾಡುವಾಗ ಅಷ್ಟನ್ನು ಕಳೆಯುವುದು. ಫ್ಯಾನು, ಜನರೇಟರ್, ಏಸಿ, ಹೀಗೆ ಒಂದೇ ಸಮನೆ ಬರುವ ಸದ್ದಿಗೆ ಇದು ಸರಿ. ತಮಟೆಯ ಏಟಿಗೆ, ಹಾರ್ನ್‌ಗೆ ಇದು ಸೋಲುತ್ತದೆ, ಅಂದಾಜು ಮಾಡುವಷ್ಟರಲ್ಲಿ ಸದ್ದು ಬದಲಾಗಿರುತ್ತದೆ. ಈಗಿನ ವಿಧಾನ ಬೇರೆ. ಮನುಷ್ಯರ ಮಾತು ಹೇಗಿರುತ್ತದೆ, ಉಳಿದ ಸದ್ದು ಹೇಗಿರುತ್ತದೆ ಅಂತ ಗಂಟೆಗಟ್ಟಲೆ ಧ್ವನಿ ಕೊಟ್ಟು ಕಂಪ್ಯೂಟರಿಗೆ ಕಲಿಸುತ್ತಾರೆ. 2017ರಲ್ಲಿ ಬಂದ ಆರ್‌ಎನ್‌ನಾಯ್ಸ್ ಅನ್ನುವ ಉಚಿತ ತಂತ್ರಾಂಶ ಈ ದಾರಿಯನ್ನು ಸಣ್ಣಪುಟ್ಟ ಪ್ರೊಸೆಸರ್‌ಗಳಲ್ಲೂ ಓಡಿಸಿ ತೋರಿಸಿತು. ಐಫೋನ್‌ನಲ್ಲಿ ‘ವಾಯ್ಸ್ ಐಸೊಲೇಷನ್’ ಅಂತ ಇರುವುದೂ ಇದೇ ಜಾತಿ. ಆ್ಯಪ್ ಕಾಲ್‌ಗಳಿಗೆ ಅದು 2021ರಲ್ಲಿ ಬಂತು, ಮಾಮೂಲಿ ಫೋನ್ ಕಾಲ್‌ಗೆ 2023ರಲ್ಲಿ.

ಇದು ನಿಜಕ್ಕೂ ಒಳ್ಳೆ ಕೆಲಸ ಮಾಡುತ್ತದೆ. ಆದರೆ ಒಂದು ಮಿತಿ ಇದೆ. ಅಕ್ಕಿಯಲ್ಲಿ ಕಲ್ಲು ಆರಿಸುವುದು ಸುಲಭ, ಸೋನಾ ಮಸೂರಿಯಲ್ಲಿ ಯಾರೋ ರೇಷನ್ ಅಕ್ಕಿ ಬೆರೆಸಿದ್ದರೆ ಆರಿಸಿ ನೋಡೋಣ! ಜನರೇಟರ್ ಸದ್ದು ಕಲ್ಲು. ಪಕ್ಕದಲ್ಲಿ ನಿಂತು ‘ಸೇರಿಗೆ ಎಷ್ಟಣ್ಣ’ ಅಂತ ಕೇಳುತ್ತಿರುವವರ ಮಾತು ಇನ್ನೊಂದು ಅಕ್ಕಿ. ಅದೂ ಮನುಷ್ಯರದ್ದೇ ದನಿ, ಸಾಫ್ಟ್‌ವೇರ್ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಅದಕ್ಕೆ ಸಿಗುವ ಒಂದೇ ಸುಳಿವು ಯಾವ ದನಿ ಹತ್ತಿರದ್ದು, ಯಾವುದು ಜೋರು ಅನ್ನುವುದು. ಹಾಗಾಗಿ ಮತ್ತೆ ಅದೇ ಮೂರು ಸೆಂಟಿಮೀಟರ್‌ಗೆ ಬಂದು ನಿಲ್ಲುತ್ತೇವೆ. ಗದ್ದಲ ಮಾತಿಗಿಂತ ತೀರಾ ಜಾಸ್ತಿ ಇದ್ದಾಗ ಈ ಸಾಫ್ಟ್‌ವೇರ್ ಗದ್ದಲದ ಜೊತೆ ಮಾತನ್ನೂ ಕತ್ತರಿಸಿ ಬಿಸಾಕುತ್ತದೆ. ನೀರಿನೊಳಗಿಂದ ಮಾತಾಡಿದ ಹಾಗೆ ಕೇಳುವುದು ಆಗಲೇ.

ಇನ್ನೊಂದು ಕಾಟ ಇದೆ. ದನಿ ಸಣ್ಣದಾದಾಗ ತಾನೇ ಏರಿಸುವ ವ್ಯವಸ್ಥೆ ಬಹುತೇಕ ಕಾಲ್ ಆ್ಯಪ್‌ಗಳಲ್ಲಿ ಇರುತ್ತದೆ. ಮನೆಯಲ್ಲಿ ಅದು ಉಪಕಾರಿ. ಬೀದಿಯಲ್ಲಿ ನೀವು ಮಾತು ನಿಲ್ಲಿಸಿದ ಕೂಡಲೇ ‘ಅಯ್ಯೋ ದನಿ ಸಣ್ಣದಾಯ್ತು’ ಅಂತ ಅದು ಗದ್ದಲವನ್ನೇ ಏರಿಸಿ ಎಲ್ಲರ ಕಿವಿಗೆ ಕಳಿಸಿಬಿಡುತ್ತದೆ.

ಹತ್ತು ಮೈಕ್ ತೆರೆದರೆ

ಇಬ್ಬರ ನಡುವಿನ ಕಾಲ್‌ಗೂ ಗುಂಪಿನ ಕಾಲ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಮಾಮೂಲಿ ಗ್ರೂಪ್ ಕಾಲ್‌ನಲ್ಲಿ ಎಲ್ಲರ ಮೈಕೂ ಸದಾ ತೆರೆದಿರುತ್ತದೆ. ಮಾತಾಡುತ್ತಿರುವುದು ಒಬ್ಬರೇ, ಆದರೆ ಬರುತ್ತಿರುವುದು ಹತ್ತು ಜಾಗದ ಗದ್ದಲ. ಒಂದೇ ಮಟ್ಟದ ಹತ್ತು ಗದ್ದಲ ಸೇರಿದರೆ 10 ಡೆಸಿಬೆಲ್ ಏರುತ್ತದೆ. ಕಷ್ಟಪಟ್ಟು ಮೈಕನ್ನು ಬಾಯಿ ಹತ್ತಿರ ತಂದು ಗಳಿಸಿದ ಮೇಲುಗೈ ಬೇರೆಯವರ ತೆರೆದ ಮೈಕಿನಲ್ಲಿ ಕರಗಿ ಹೋಯಿತು. ವಾಟ್ಸಾಪ್ ಒಂದು ಗ್ರೂಪ್ ಕಾಲ್‌ಗೆ 32 ಜನರನ್ನು ಬಿಟ್ಟುಕೊಳ್ಳುತ್ತದೆ, ಸರಿ. ಗದ್ದಲದ ಬೀದಿಯಲ್ಲಿ ನಿಂತ 32 ಜನ ಒಟ್ಟಿಗೆ ಮೈಕ್ ತೆರೆದರೆ ಅದು ಕಾಲ್ ಅಲ್ಲ, ಇನ್ನೊಂದು ಪರಿಷೆ.

ಬಹಳ ಆ್ಯಪ್‌ಗಳು ಯಾರಾದರೂ ಮಾತಾಡುತ್ತಿದ್ದಾರಾ ಅಂತ ನೋಡಿ, ಇಲ್ಲದಿದ್ದರೆ ಆ ಮೈಕಿನ ಸದ್ದು ಕಳಿಸುವುದಿಲ್ಲ. ಆಫೀಸ್ ಮೀಟಿಂಗಿಗೆ ಅದು ಸಾಕು. ಪೀಪಿ ಕೇಳಿದಾಗ, ತಮಟೆ ಕೇಳಿದಾಗ ಅದು ಮಾತು ಶುರುವಾಯಿತು ಅಂತ ಮೋಸ ಹೋಗುತ್ತದೆ. ಜೊತೆಗೆ ಇಬ್ಬರು ಒಂದೇ ಕಡೆ ಅಕ್ಕಪಕ್ಕ ನಿಂತು, ಇಬ್ಬರೂ ಅದೇ ಕಾಲ್‌ನಲ್ಲಿ ಸ್ಪೀಕರ್ ಹಾಕಿಕೊಂಡಿದ್ದರೆ ಕುಂಯ್ ಅಂತ ಊಳಿಡಲು ಶುರುವಾಗುತ್ತದೆ. ಒಬ್ಬರ ಸ್ಪೀಕರಿನ ಸದ್ದು ಇನ್ನೊಬ್ಬರ ಮೈಕಿಗೆ ಹೋಗಿ, ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ. ಫೋನಿನ ಪ್ರತಿಧ್ವನಿ ತಡೆಯುವ ವ್ಯವಸ್ಥೆಗೆ ತನ್ನ ಸ್ಪೀಕರಿನಿಂದ ಏನು ಹೋಯಿತು ಅಂತ ಮಾತ್ರ ಗೊತ್ತು. ಪಕ್ಕದವರ ಫೋನ್ ಅದರ ಲೆಕ್ಕದಲ್ಲೇ ಇಲ್ಲ.

ಪರಿಹಾರ ಹಳೆಯದೇ. ಪೊಲೀಸರ ವಾಕಿಟಾಕಿ ನೋಡಿದ್ದೀರಲ್ಲ? ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಇದನ್ನೇ ಫೋನಿನಲ್ಲಿ ಮಾಡುವ ಆ್ಯಪ್‌ಗಳನ್ನು ಪುಷ್ ಟು ಟಾಕ್ ಅನ್ನುತ್ತಾರೆ. ಜೆಲ್ಲೋ ಇದಕ್ಕೆ ಹೆಸರುವಾಸಿ. 2017ರಲ್ಲಿ ಅಮೆರಿಕದಲ್ಲಿ ಹಾರ್ವೆ ಚಂಡಮಾರುತ ಬಂದಾಗ ದೋಣಿ ಹಿಡಿದು ಜನರನ್ನು ಕಾಪಾಡಲು ಹೋದ ಸಾಮಾನ್ಯರು ಇದೇ ಆ್ಯಪ್‌ನಲ್ಲಿ ಮಾತಾಡಿಕೊಂಡರು. ಮಂಬಲ್ ಅನ್ನುವುದು ಉಚಿತ, ಮುಕ್ತ ತಂತ್ರಾಂಶ, ಎಲ್ಲರ ಮಾತನ್ನು ಹಂಚುವ ಕಂಪ್ಯೂಟರ್, ಅಂದರೆ ಸರ್ವರನ್ನು ನಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಬಹುದು. ಗುಂಪಾಗಿ ಹರಟಲು ಬಳಸುವ ಡಿಸ್ಕಾರ್ಡ್ ಆ್ಯಪ್‌ನಲ್ಲೂ ಒತ್ತಿ ಮಾತಾಡುವ ಸೌಕರ್ಯ ಇದೆ. ಇದ್ಯಾವುದೂ ಬೇಡ ಅಂದರೆ ಮಾಮೂಲಿ ಗ್ರೂಪ್ ಕಾಲ್‌ನಲ್ಲೇ ಎಲ್ಲರೂ ಮ್ಯೂಟ್ ಮಾಡಿಕೊಂಡು, ಮಾತಾಡುವವರು ಮಾತ್ರ ತೆಗೆಯುವುದು. ನಾಲ್ಕೈದು ಜನರಿದ್ದರೆ ಅದೂ ನಡೆಯುತ್ತದೆ. ಜಾಸ್ತಿ ಜನ ಆದರೆ ಒಬ್ಬರಾದರೂ ಮ್ಯೂಟ್ ಮರೆತೇ ಮರೆಯುತ್ತಾರೆ, ಅದು ಯಾರು ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಒತ್ತಿ ಮಾತಾಡುವುದು ಸುಲಭ ಅನಿಸುತ್ತದೆ, ಆದರೆ ಅದಕ್ಕೂ ಒಂದು ಅಭ್ಯಾಸ ಬೇಕು. ಗುಂಡಿ ಒತ್ತಿದ ತಕ್ಷಣ ದಾರಿ ತೆರೆಯುವುದಿಲ್ಲ. ಆ್ಯಪ್ ಸರ್ವರಿಗೆ ಹೇಳಬೇಕು, ಬ್ಲೂಟೂತ್ ಇದ್ದರೆ ಅದರ ಮೈಕ್ ಎದ್ದೇಳಬೇಕು. ಒತ್ತಿದ ಕೂಡಲೇ ಶುರು ಮಾಡಿದರೆ ಮೊದಲ ಪದ ಹೋಯಿತು ಅಂತಲೇ ಲೆಕ್ಕ. ಒತ್ತಿ, ಒಂದು ಉಸಿರು ತಗೊಂಡು, ಆಮೇಲೆ ಮಾತು.

ಕೊನೆಯ ಪದದ ಕಥೆ ಇನ್ನೂ ಗಂಭೀರ, ಅದರಲ್ಲೂ ಕನ್ನಡದಲ್ಲಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬೇಕೋ ಬೇಡವೋ ಅನ್ನುವುದು ಅದಕ್ಕೂ ಕೊನೆಗೆ. ‘ನೀರಿನ ಗಾಡಿ ಈಗಲೇ ಆಶ್ರಮದ ಕಡೆ ಕಳಿಸಬೇಡಿ’ ಅನ್ನುವ ಮಾತಿನಲ್ಲಿ ಇಡೀ ಅರ್ಥ ನಿಂತಿರುವುದು ಕೊನೆಯ ಎರಡು ಅಕ್ಷರದ ಮೇಲೆ. ಮಾತಿನ ಕೊನೆಗೆ ಬರುವಾಗ ಎಲ್ಲರ ದನಿಯೂ ಇಳಿಯುತ್ತದೆ. ಹೆಬ್ಬೆರಳು ಕೂಡ ಅವಸರದಲ್ಲಿ ಮೊದಲೇ ಏಳುತ್ತದೆ. ಆ ಕಡೆ ಕೇಳಿಸುವುದು ‘ನೀರಿನ ಗಾಡಿ ಈಗಲೇ ಆಶ್ರಮದ ಕಡೆ ಕಳಿಸ...’ ಅಂತ. ಗಾಡಿ ಹೊರಟಿತು! ಅದಕ್ಕೆ ಬೇಡ ಅನ್ನುವ ಮಾತಿದ್ದರೆ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ನಿಲ್ಲಿಸಿ. ನೀರಿನ ಗಾಡಿ ನಿಲ್ಲಿಸಿ. ಆಶ್ರಮದ ಕಡೆ ಬೇಡ.’ ಮಾತು ಮುಗಿದ ಮೇಲೂ ಗುಂಡಿಯನ್ನು ಅರ್ಧ ಸೆಕೆಂಡ್ ಒತ್ತಿಯೇ ಹಿಡಿದಿರಿ.

ಸಂಖ್ಯೆಗಳೂ ಇದೇ ಥರ ಕೈಕೊಡುತ್ತವೆ. ಇಪ್ಪತ್ತು, ಎಪ್ಪತ್ತು ಎರಡರಲ್ಲೂ ಬೇರೆಯಾಗಿರುವುದು ಒಂದೇ ಒಂದು ಸ್ವರ. ಅರವತ್ತು, ನಲವತ್ತು ಕೂಡ ಗದ್ದಲದಲ್ಲಿ ಅಕ್ಕ ತಂಗಿಯರೇ. ಅಂಕಿ ಅಂಕಿಯಾಗಿ ಹೇಳಿದರೆ ಗೊಂದಲ ಕಡಿಮೆ: ‘ಎಪ್ಪತ್ತು, ಏಳು ಸೊನ್ನೆ’. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ‘ಹೂಂ, ಸರಿ ಅಣ್ಣ’ ಅಂದರೆ ಏನು ಕೇಳಿಸಿತು ಅಂತ ಯಾರಿಗೂ ತಿಳಿಯುವುದಿಲ್ಲ.

ಕರೆಯುವಾಗ ವ್ಯಕ್ತಿಯ ಹೆಸರಿಗಿಂತ ಜಾಗದ ಹೆಸರು ವಾಸಿ. ಒಂದು ತಂಡದಲ್ಲಿ ಮೂರು ಮಂಜು ಇರುತ್ತಾರೆ, ಆಶ್ರಮ ಸರ್ಕಲ್ ಒಂದೇ. ‘ಆಶ್ರಮ ಸರ್ಕಲ್, ಆಶ್ರಮ ಸರ್ಕಲ್, ನಾನು ಬ್ಯೂಗಲ್ ರಾಕ್ ಗೇಟ್. ಒಂದು ಮಗು ಸಿಕ್ಕಿದೆ. ಕೆಂಪು ಅಂಗಿ.’ ಎರಡು ಸಲ ಕರೆಯುವುದು ಆಡಂಬರಕ್ಕಲ್ಲ. ಮೊದಲ ಸಲ ಕೇಳಿದಾಗ ಕಿವಿ ಎಚ್ಚರವಾಗುತ್ತದೆ, ಎರಡನೇ ಸಲಕ್ಕೆ ಅರ್ಥವಾಗುತ್ತದೆ.

ಕೇಳಿಸಿಕೊಳ್ಳುವ ಕಡೆ

ಇಷ್ಟೆಲ್ಲ ಮಾಡಿ ಸ್ವಚ್ಛವಾದ ದನಿ ಕಳಿಸಿದರೂ ಆ ಕಡೆಯವರು ಫೋನನ್ನು ಪ್ಯಾಂಟ್ ಜೇಬಿನಲ್ಲಿ ಇಟ್ಟುಕೊಂಡು ಸ್ಪೀಕರಿನಲ್ಲಿ ಕೇಳುತ್ತಿದ್ದರೆ ಏನು ಉಪಯೋಗ? ಇಯರ್‌ಫೋನ್ ಬೇಕೇ ಬೇಕು. ಕಿವಿಯೊಳಗೆ ರಬ್ಬರ್ ಅಥವಾ ಫೋಮ್ ತುದಿ ಬಿಗಿಯಾಗಿ ಕೂರುವಂಥದ್ದು. ಸರಿಯಾಗಿ ಕೂತರೆ ಅದೇ ಹೊರಗಿನ ಸದ್ದನ್ನು 20 ಡೆಸಿಬೆಲ್‌ನಷ್ಟು ತಡೆಯಬಲ್ಲದು, ಬ್ಯಾಟರಿಯೇ ಬೇಡ. ನಾಯ್ಸ್ ಕ್ಯಾನ್ಸಲೇಷನ್ ಅಂತ ಬರೆದ ಬೆಲೆಬಾಳುವ ಇಯರ್‌ಬಡ್‌ಗಳು ಬಸ್ಸಿನ ಇಂಜಿನ್ನಿನಂಥ ತಗ್ಗು ಗುಂಯ್‌ಗುಡುವಿಕೆಗೆ ಚೆನ್ನ, ಪೀಪಿಯಂಥ ಕೀಚಲು ಸದ್ದಿಗೆ ಅಷ್ಟು ಪ್ರಯೋಜನ ಇಲ್ಲ. ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಆ ನಾಯ್ಸ್ ಕ್ಯಾನ್ಸಲೇಷನ್ ನಿಮ್ಮ ಕಿವಿಗೆ, ನಿಮ್ಮ ಮಾತು ಕೇಳುವವರಿಗಲ್ಲ. ಅವರಿಗೆ ಉಪಯೋಗ ಆಗುವುದು ಮೈಕಿನ ಕಡೆಯ ಗದ್ದಲ ತೆಗೆಯುವಿಕೆ, ಅದು ಬೇರೆಯೇ ವಸ್ತು.

ಬ್ಲೂಟೂತ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಗದ್ದಲಕ್ಕೆ ನಾನು ವೈರ್ ಇರುವುದನ್ನೇ ಆರಿಸುತ್ತೇನೆ. ಹಾಡು ಕೇಳುವಾಗ ಅಷ್ಟು ಚೆಂದ ಇದ್ದ ಇಯರ್‌ಬಡ್ ಕಾಲ್ ಬಂದ ಕೂಡಲೇ ಡಬ್ಬದೊಳಗಿಂದ ಮಾತಾಡಿದ ಹಾಗೆ ಆಗುವುದನ್ನು ಗಮನಿಸಿದ್ದೀರಾ? ಹಾಡಿಗೆ ಬ್ಲೂಟೂತ್ ಒಂದು ದಾರಿ ಬಳಸುತ್ತದೆ, ಮೈಕ್ ತೆರೆದರೆ ಇನ್ನೊಂದಕ್ಕೆ ಹೋಗುತ್ತದೆ. ಆ ಎರಡನೆಯ ದಾರಿಯ ಹಳೆಯ ರೂಪದಲ್ಲಿ 4,000 ಹರ್ಟ್ಜ್, ಅಂದರೆ ಸೆಕೆಂಡಿಗೆ 4,000 ಕಂಪನಕ್ಕಿಂತ ಮೇಲಿನ ಧ್ವನಿ ಹೋಗುವುದೇ ಇಲ್ಲ. ‘ಸ’, ‘ಶ’ಗಳ ಬಹುಪಾಲು ಇರುವುದು ಅದರ ಆಸುಪಾಸು ಮತ್ತು ಮೇಲೆ. ಸ್ವಲ್ಪ ಹೊಸ ಸಾಧನಗಳಲ್ಲಿ ಇದು ಎರಡು ಪಟ್ಟಾಗಿದೆ, ಎಲ್‌ಇ ಆಡಿಯೊ ಅನ್ನುವ ಬ್ಲೂಟೂತಿನ ಹೊಸ ಪದ್ಧತಿ ಬಂದ ಮೇಲೆ ಇನ್ನೂ ಸುಧಾರಿಸಿದೆ, ಆದರೆ ಫೋನು, ಹೆಡ್‌ಸೆಟ್ ಎರಡೂ ಅದಕ್ಕೆ ತಯಾರಿರಬೇಕು. ದೂರದ ಲೆಕ್ಕವೂ ಇದೆಯಲ್ಲ. ಕಿವಿಯಲ್ಲಿ ಕೂರುವ ಪುಟ್ಟ ಇಯರ್‌ಬಡ್‌ನ ಮೈಕ್ ಬಾಯಿಂದ ಹತ್ತು ಹನ್ನೆರಡು ಸೆಂಟಿಮೀಟರ್ ದೂರ. ವೈರಿನ ಇಯರ್‌ಫೋನಿನ ಮೈಕನ್ನು ಕೈಯಲ್ಲಿ ಹಿಡಿದು ಬಾಯಿ ಪಕ್ಕಕ್ಕೆ ತರಬಹುದು. ಸುಮ್ನೆ ನೇತಾಡಲು ಬಿಟ್ಟರೆ ಅದು ಅಂಗಿಗೆ ಉಜ್ಜಿ ಸರಬರ ಅನ್ನುತ್ತದೆ. ಕಾಲ್ ಸೆಂಟರಿನವರ ಹಾಗೆ ಬಾಯಿ ಮುಂದೆ ಕಡ್ಡಿ ಬರುವ ಹೆಡ್‌ಸೆಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅದಕ್ಕೆ ಸ್ಪಂಜಿನ ಟೋಪಿ ಹಾಕಿದರೆ ಗಾಳಿಯ ಸದ್ದೂ ಕಡಿಮೆ. ನೋಡಲು ಅಷ್ಟು ಸ್ಟೈಲಾಗಿ ಇರುವುದಿಲ್ಲ, ಅಷ್ಟೇ.

ಪೀಣ್ಯದ ಕಾರ್ಖಾನೆಗಳಂಥ ಜಾಗದಲ್ಲಿ, ಗದ್ದಲ ದಿನವಿಡೀ ಇರುವ ಕಡೆ, ಕಿವಿ ಮುಚ್ಚುವ ಇಯರ್‌ಮಫ್ ಜೊತೆಗೇ ಮೈಕ್ ಇರುವ ಹೆಡ್‌ಸೆಟ್ ಬರುತ್ತದೆ, ಖರ್ಚು ಮಾಡುವುದಾದರೆ ಅದಕ್ಕೇ ಮಾಡಿ. ಗಂಟಲಿಗೆ ಕಟ್ಟುವ ಮೈಕೂ ಇದೆ. ಎರಡನೇ ಮಹಾಯುದ್ಧದ ವಿಮಾನ ಚಾಲಕರು ಬಳಸುತ್ತಿದ್ದದ್ದು. ಅದು ಗಾಳಿಯಲ್ಲಿನ ಸದ್ದು ಬಿಟ್ಟು ಕತ್ತಿನ ಕಂಪನವನ್ನು ಹಿಡಿಯುತ್ತದೆ. ಗದ್ದಲ ಬರುವುದೇ ಇಲ್ಲ ಅನ್ನಬಹುದು, ಆದರೆ ‘ಸ’, ‘ಶ’ ಹುಟ್ಟುವುದು ಬಾಯಲ್ಲಿ, ಗಂಟಲಲ್ಲಿ ಅಲ್ಲ, ಹಾಗಾಗಿ ಮಾತು ಮಬ್ಬಾಗುತ್ತದೆ.

ಕಿವಿಯ ಬಗ್ಗೆ ಒಂದು ಎಚ್ಚರಿಕೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುವುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಕೊಡುವ ಮಿತಿ. ಪ್ರತಿ 3 ಡೆಸಿಬೆಲ್‌ಗೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ ಉಳಿಯುವುದು ಕಾಲು ಗಂಟೆ. ಸಡಿಲ ಇಯರ್‌ಫೋನ್ ಹಾಕಿಕೊಂಡು ಗದ್ದಲವನ್ನು ಮೀರಲು ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿಯೊಳಗೆ ಅಷ್ಟಾಗುವುದು ಕಷ್ಟವೇನಲ್ಲ. ಬಿಗಿಯಾಗಿ ಕೂತರೆ ವಾಲ್ಯೂಮ್ ತಾನಾಗಿ ಕೆಳಗಿಳಿಯುತ್ತದೆ. ರಸ್ತೆ ದಾಟುವ ಕೆಲಸ ಇರುವವರು ಒಂದೇ ಕಿವಿಗೆ ಹಾಕಿಕೊಳ್ಳಿ.

ಜನ ಸೇರಿದ ಕಡೆ ನೆಟ್‌ವರ್ಕ್

ಇಂಟರ್ನೆಟ್ ಕಾಲ್‌ನಲ್ಲಿ ಮಾತನ್ನು ಚೂರು ಚೂರು ಮಾಡಿ ಕಳಿಸುತ್ತಾರೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಚೂರು, ಅಂದರೆ ಸೆಕೆಂಡಿಗೆ 50. ಆ ಚೂರುಗಳನ್ನು ಕಿರಿದಾಗಿಸುವ ಕೆಲಸಕ್ಕೆ ಈಗ ಬಹಳ ಕಡೆ ಓಪಸ್ ಅನ್ನುವ ವಿಧಾನ ಬಳಕೆಯಲ್ಲಿದೆ, 2012ರಲ್ಲಿ ಅದು ಮಾನದಂಡವಾಯಿತು. ಡೇಟಾ ಖರ್ಚು ಏನೇನೂ ಅಲ್ಲ. ಒಳ್ಳೆ ಗುಣಮಟ್ಟದ ಮಾತಿಗೂ ಗಂಟೆಗೆ ಕೆಲವು ಹತ್ತು ಎಂಬಿಯಷ್ಟೇ ಆಗುತ್ತದೆ. ಕಷ್ಟ ಇರುವುದು ಆ ಚೂರುಗಳು ಹೊತ್ತಿಗೆ ಸರಿಯಾಗಿ ಬರುವುದರಲ್ಲಿ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಮುಟ್ಟಿದರೆ ನಮಗೆ ತಡ ಅನಿಸುವುದಿಲ್ಲ. 400 ದಾಟಿದರೆ ಒಬ್ಬರ ಮೇಲೊಬ್ಬರು ಮಾತಾಡಲು ಶುರು ಮಾಡುತ್ತೇವೆ. ಒತ್ತಿ ಮಾತಾಡುವ ಪದ್ಧತಿಗೆ ಇಲ್ಲೂ ಒಂದು ಲಾಭ ಇದೆ: ಸರದಿ ಇರುವುದರಿಂದ ಅರ್ಧ ಸೆಕೆಂಡ್ ತಡವಾದರೂ ಯಾರಿಗೂ ತೊಂದರೆ ಇಲ್ಲ.

ಸಾವಿರಾರು ಜನ ಒಂದೇ ಬೀದಿಯಲ್ಲಿ ನಿಂತು ವಿಡಿಯೋ ಕಳಿಸುತ್ತಿದ್ದರೆ ಒಂದು ಟವರ್ ಎಷ್ಟು ಅಂತ ತಾಳುತ್ತದೆ? ಸಿಗ್ನಲ್ ಕಡ್ಡಿ ನಾಲ್ಕೂ ಇರುತ್ತವೆ, ಮೆಸೇಜ್ ಮಾತ್ರ ಗಡಿಯಾರದ ಗುರುತಲ್ಲೇ ನಿಂತಿರುತ್ತದೆ. ಇಂಥ ಹೊತ್ತಿನಲ್ಲಿ ಮಾಮೂಲಿ ಫೋನ್ ಕಾಲ್‌ಗೆ ಒಂದು ಅನುಕೂಲ ಇದೆ. ವೋಎಲ್‌ಟಿಇ, ಅಂದರೆ 4ಜಿ ಮೇಲೆ ಹೋಗುವ ಮಾಮೂಲಿ ಕಾಲ್‌ನ ಮಾತಿಗೆ ನೆಟ್‌ವರ್ಕ್ ಒಳಗೆ ಮುಂದಿನ ಸಾಲು ಕೊಡುತ್ತಾರೆ. ಆ್ಯಪ್ ಕಾಲ್ ಸಾಮಾನ್ಯ ಇಂಟರ್ನೆಟ್ ಜೊತೆ ಹಿಂದಿನ ಸಾಲಿನಲ್ಲಿ ತಳ್ಳಾಡಬೇಕು. ಹಾಗಾಗಿ ಆ್ಯಪ್ ಕೈಕೊಟ್ಟಾಗ ಫೋನಿನದೇ ಕಾನ್ಫರೆನ್ಸ್ ಕಾಲ್ ನಡೆಯುವ ಸಾಧ್ಯತೆ ಜಾಸ್ತಿ. ನಿಮ್ಮನ್ನೂ ಸೇರಿಸಿ ಆರು ಜನ ಸಾಮಾನ್ಯ ಮಿತಿ. ಇದನ್ನು ಎರಡನೇ ದಾರಿಯಾಗಿ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ, ಯಾರು ಯಾರಿಗೆ ಮಾಡಬೇಕು ಅನ್ನುವ ಸಮೇತ. ಬೇರೆ ಬೇರೆ ಕಂಪನಿಯ ಸಿಮ್ ತಂಡದಲ್ಲಿ ಇರಲಿ.

ಜಾಗ ಚಿಕ್ಕದಿದ್ದರೆ, ಒಂದು ಕಲ್ಯಾಣ ಮಂಟಪ ಅಥವಾ ಒಂದು ಶೆಡ್ ಅಷ್ಟೇ ಇದ್ದರೆ, ನಮ್ಮದೇ ವೈಫೈ ರೂಟರ್ ಇಟ್ಟು ಲ್ಯಾಪ್‌ಟಾಪ್‌ನಲ್ಲಿ ಮಂಬಲ್ ಸರ್ವರ್ ಹಾಕಿದರೆ ಇಂಟರ್ನೆಟ್ ಇಲ್ಲದೆಯೂ ಮಾತಾಡಬಹುದು. ರೂಟರನ್ನು ಎತ್ತರದಲ್ಲಿ ಇಡಿ. ನಮ್ಮ ಮೈಯಲ್ಲಿ ನೀರು ಜಾಸ್ತಿ, ವೈಫೈ ಅಲೆಯನ್ನು ಅದು ಹೀರುತ್ತದೆ. ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಸಿಕ್ಕ ಸಿಗ್ನಲ್ ಮದುವೆ ಊಟದ ಹೊತ್ತಿಗೆ ಇಲ್ಲವಾಗುವುದು ಇದಕ್ಕೇ.

ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ಒಂದು ಗುಪ್ತ ಶತ್ರು. ಪರದೆ ಆರಿದ ಸ್ವಲ್ಪ ಹೊತ್ತಿಗೆ ಅದು ಹಿಂದೆ ಓಡುವ ಆ್ಯಪನ್ನು ಮಲಗಿಸಿಬಿಡುತ್ತದೆ. ‘ನಾನು ಆನ್‌ಲೈನೇ ಇದ್ದೆ, ಏನೂ ಕೇಳಿಸಲೇ ಇಲ್ಲ’ ಅನ್ನುವವರು ಬಹಳ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಮಾತಾಡುವ ಗುಂಡಿಯನ್ನು ಪರದೆ ಮೇಲೆ ಬಿಡದೆ ವಾಲ್ಯೂಮ್ ಗುಂಡಿಗೆ ಕೊಡಲು ಆ್ಯಪ್ ಬಿಟ್ಟರೆ ಹಾಗೇ ಮಾಡಿ. ಬೆವರಿದ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ.

ಇಷ್ಟು ಕಷ್ಟ ಯಾಕೆ, ವಾಕಿಟಾಕಿಯೇ ತಗೊಳ್ಳೋಣ ಅನ್ನುವವರಿಗೆ: ಅದೂ ಸರಿಯೇ, ಟವರ್ ಹಂಗಿಲ್ಲ. ನಮ್ಮಲ್ಲಿ ಕಡಿಮೆ ಶಕ್ತಿಯ ಸೆಟ್‌ಗಳಿಗೆ 446.0ರಿಂದ 446.2 ಮೆಗಾಹರ್ಟ್ಜ್ ನಡುವೆ ಲೈಸೆನ್ಸ್ ಬೇಡ ಅಂತ 2018ರ ನಿಯಮ ಇದೆ. ಅದರಾಚೆ ಬೇರೆ ತರಂಗಾಂತರದಲ್ಲಿ ಓಡುವ ಅಗ್ಗದ ಸೆಟ್ ತಂದು ಬಳಸಿದರೆ ಕಾನೂನಿನ ತಂಟೆ. ಕಟ್ಟಡಗಳ ನಡುವೆ ಅವುಗಳ ದೂರವೂ ಡಬ್ಬದ ಮೇಲೆ ಬರೆದಷ್ಟು ಇರುವುದಿಲ್ಲ.

ಏನೇ ಆರಿಸಿದರೂ ಹಿಂದಿನ ದಿನ ಮನೆಯಲ್ಲೇ ಪರೀಕ್ಷೆ ಮಾಡಿ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿ, ಅದರ ಪಕ್ಕ ಒಬ್ಬರು ನಿಂತು ಹನ್ನೊಂದರಿಂದ ತೊಂಬತ್ತೊಂಬತ್ತರ ನಡುವಿನ ಹತ್ತು ಸಂಖ್ಯೆಗಳನ್ನು ಅಡ್ಡಾದಿಡ್ಡಿ ಓದಲಿ. ಇನ್ನೊಬ್ಬರು ಬೀದಿಯಲ್ಲಿ ನಿಂತು ಬರೆದುಕೊಳ್ಳಲಿ, ತಿರುಗಿ ಕೇಳುವ ಹಾಗಿಲ್ಲ. ಎರಡಕ್ಕಿಂತ ಜಾಸ್ತಿ ತಪ್ಪಿದರೆ ಒಂದೊಂದೇ ಬದಲಿಸಿ ನೋಡಿ. ಮೊದಲು ಮೈಕಿನ ದೂರ, ಆಮೇಲೆ ಇಯರ್‌ಫೋನ್, ಕಡೆಗೆ ಆ್ಯಪ್. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮಿಕ್ಸಿಗೆ ಸ್ವಲ್ಪ ನೀರು ಹಾಕಿರಿ, ಖಾಲಿ ಓಡಿಸಬೇಡಿ.